ಕಣದಲ್ಲಿ ಎಂಟು ಗೋರಿ

"ಬಿಗಿಯಾಗಿ ಹಿಡಿ ಮೀಮೂನ್, ದಾರ ಜೋತು ಬಿದ್ದಿದೆ."

"ಇದು ಏಳನೇದು ಮೇಡಂ. ಪೋಲೀಸ್ ಕೆಲಸ ಅಂತ ಸೇರ್ಕೊಂಡೆ, ದರ್ಜಿ ಕೆಲಸ ಆಗೋಯ್ತು. ಸತ್ತೋರಿಗೆ ಜುಬ್ಬ ಹೊಲಿಸ್ತೀರಾ?"

ಇನ್‌ಸ್ಪೆಕ್ಟರ್ ಯಾಮ್ನಾ ನಗಲಿಲ್ಲ. ಗೋರಿಯ ತಲೆಗಲ್ಲಿನಿಂದ ಕಾಲುಗಲ್ಲಿನವರೆಗೆ ಬಿಗಿದ ದಾರದ ಪಕ್ಕ ದಿಕ್ಸೂಚಿ ಇಟ್ಟು, ಮುಳ್ಳು ನಿಲ್ಲುವವರೆಗೆ ಕಾದು, ನೋಟ್‌ಬುಕ್ಕಿನಲ್ಲಿ ಒಂದು ಗೀಟು ಎಳೆದಳು. ಏಳು ಗೀಟುಗಳೂ ಉತ್ತರ ದಕ್ಷಿಣವಾಗಿ, ಶಾಲೆಯ ಬೆಂಚುಗಳ ಹಾಗೆ ಒಂದರ ಪಕ್ಕ ಒಂದು ಸಾಲಾಗಿದ್ದವು.

ಎಂಟನೆಯದು ಒಂದಿಷ್ಟು ದೂರದಲ್ಲಿತ್ತು. ಕಣದ ಅಂಚಿಗೆ, ಎಲೆ ಉದುರಿಸಿ ನಿಂತ ಮುದಿ ಅಂಜೂರದ ಮರದ ಕೆಳಗೆ.

"ಇದು ಅಡ್ಡಡ್ಡ ಮಲಗಿದೆ ಮೇಡಂ," ಎಂದ ಮೀಮೂನ್, ಅಲ್ಲಿಗೆ ದಾರ ಎಳೆದುಕೊಂಡು ಹೋಗಿ. "ತೋಡಿದೋನು ಸ್ವಲ್ಪ ಏರಿಸ್ಕೊಂಡಿದ್ದ ಅಂತ ಕಾಣುತ್ತೆ."

ಯಾಮ್ನಾ ಅದನ್ನೂ ಬರೆದುಕೊಂಡಳು. ಪೂರ್ವ ಪಶ್ಚಿಮ. ಆಗ ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ.

ಎಂಟೂ ಗೋರಿಗಳನ್ನು ತೆರೆದು ನೋಡಲು ಸರ್ಕಾರಿ ವಕೀಲರು ಕೊಟ್ಟ ಅಪ್ಪಣೆ ಅವಳ ಕೋಟಿನ ಜೇಬಿನಲ್ಲೇ ಇತ್ತು. ಆದರೂ ಗುದ್ದಲಿ ಹಾಕಲು ಕೈ ಏಳುತ್ತಿರಲಿಲ್ಲ. ನಿಜವಾದ ಗೋರಿಯನ್ನು ಕೆದಕಿದ ಪಾಪ ಯಾರಿಗೆ ಬೇಕು? ಕಲ್ಲೇ ಬಾಯಿ ಬಿಟ್ಟು ಏನಾದರೂ ಹೇಳುವಂತಿದ್ದರೆ ಮೊದಲು ಅದನ್ನು ಕೇಳೋಣ ಅಂತ ದಾರ ಹಿಡಿದು ಕೂತಿದ್ದಳು.

ಭೂಮಾಪಕ ಜಲ್ಲೂಲ್ ಕಾಣೆಯಾಗಿ ಒಂಬತ್ತು ದಿನ. ಅವನನ್ನು ಕೊನೆಗೆ ಕಂಡವರು ಕಂಡಿದ್ದು ಇದೇ ಕಣದಲ್ಲಿ. ದಿನಾ ಬೆಳಿಗ್ಗೆ ಅವನ ಹೆಂಡತಿ ರಬ್ಹಾ ಠಾಣೆಯ ಮೆಟ್ಟಿಲ ಮೇಲೆ ಬಂದು ಕೂರುತ್ತಾಳೆ. ಏನೂ ಕೇಳುವುದಿಲ್ಲ, ಅಳುವುದಿಲ್ಲ. ಯಾಮ್ನಾ ಒಳಗೆ ಹೋಗುವಾಗ ಒಮ್ಮೆ ತಲೆ ಎತ್ತಿ ನೋಡುತ್ತಾಳೆ, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಜಲ್ಲೂಲ್ ಯಾಮ್ನಾಳಿಗೆ ಬರೀ ಒಂದು ಫೈಲಿನ ಹೆಸರಲ್ಲ. ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಮರದ ಹಲಗೆಯಲ್ಲಿ ಅಕ್ಷರ ತಿದ್ದಿದವರು. ಏಳನೇ ವಯಸ್ಸಿನಲ್ಲಿ ಮಸಿಕುಡಿಕೆಗಾಗಿ ಜಗಳವಾಗಿ ಆ ಹಲಗೆಯಿಂದಲೇ ಅವನ ಹುಬ್ಬು ಒಡೆದವಳು ಇವಳು. ಆ ಗಾಯದ ಗುರುತು ನಲವತ್ತರಲ್ಲೂ ಅವನ ಮುಖದ ಮೇಲಿತ್ತು. ಸಿಕ್ಕಾಗಲೆಲ್ಲ ಅದನ್ನು ಬೆರಳಿನಿಂದ ತೋರಿಸಿ, "ಪೋಲೀಸರ ದೌರ್ಜನ್ಯ" ಎನ್ನುತ್ತಿದ್ದ.

"ಅಕ್ಕಾ, ಸಂಜೆ ಐದಕ್ಕೆ ಪುಸ್ತಕ ಮುಚ್ತಾರೆ."

ಕೂಗಿದವಳು ಕೆನ್ಝಾ. ನಗರ ಯೋಜನೆ ಇಲಾಖೆಯಿಂದ ಫೆಸ್ ಪಟ್ಟಣದ ಈ ಹುಡುಗಿಯನ್ನು ಈ ಐನ್ ಹಜ್ಲ ಊರಿಗೆ ಕಳಿಸಿ ಎರಡು ವರ್ಷವಾಗಿತ್ತು. ಜೀಪಿನ ಬಾನೆಟ್ಟಿನ ಮೇಲೆ ನಕ್ಷೆ ಹರಡಿ ನಾಲ್ಕು ಮೂಲೆಗೂ ಕಲ್ಲು ಹೇರಿ ನಿಂತಿದ್ದಳು.

ಪುಸ್ತಕ ಅಂದರೆ ಪುರಸಭೆಯ ಹಜಾರದಲ್ಲಿಟ್ಟ ದಪ್ಪ ರಿಜಿಸ್ಟರು. ಹೊಸ ಯೋಜನೆಯ ನಕ್ಷೆಯನ್ನು ಒಂದು ತಿಂಗಳು ಗೋಡೆಗೆ ತೂಗುಹಾಕುತ್ತಾರೆ. ಯಾರು ಬೇಕಾದರೂ ಬಂದು ನೋಡಿ ಆ ಪುಸ್ತಕದಲ್ಲಿ ತಮ್ಮ ತಕರಾರು ಬರೆಯಬಹುದು. ಕಣದಲ್ಲಿ ಹಳೇ ಗೋರಿಗಳಿವೆ ಅಂತ ಹಾಜಿ ಬೂಶ್ತಾನ ತಕರಾರೂ ಅದರಲ್ಲಿತ್ತು. ತಿಂಗಳು ಇವತ್ತಿಗೆ ಮುಗಿಯುತ್ತಿತ್ತು. ಸಂಜೆಯೊಳಗೆ ಈ ಗೋರಿಗಳು ಸುಳ್ಳು ಅಂತ ಅದೇ ಪುಸ್ತಕದಲ್ಲಿ ಬರೆಯದಿದ್ದರೆ, ನಿಜ ಅಂತಲೇ ಲೆಕ್ಕ.

"ಇಲ್ಲಿ ನೋಡಿ. ಇನ್ನು ಇಪ್ಪತ್ತು ವರ್ಷ ಆದ್ಮೇಲಿನ ಐನ್ ಹಜ್ಲ," ಎಂದಳು ಕೆನ್ಝಾ. "ಹಳದಿ ಅಂದ್ರೆ ಮನೆ. ಹಸಿರು ಅಂದ್ರೆ ಕಟ್ಟೋ ಹಾಗಿಲ್ಲ. ಈ ನೀಲಿ ಚೌಕ ಹೊಸ ಪುರಸಭೆ. ಸರಿಯಾಗಿ ನಾವು ನಿಂತಿರೋ ಕಣದ ಮೇಲೆ. ಹಳೇ ಕೇರಿಗೂ ಹತ್ತು ನಿಮಿಷ, ಗುಡ್ಡದ ಮೇಲಿನ ಹೊಸ ಮನೆಗಳಿಗೂ ಹತ್ತು ನಿಮಿಷ. ಜನನ ಪತ್ರಕ್ಕೆ ಅಂತ ಮುದುಕೀರು ಟ್ಯಾಕ್ಸಿ ಹತ್ತೋ ಹಾಗಿಲ್ಲ."

"ಗೋರಿ ನಿಜ ಆದ್ರೆ?"

"ಗೋರಿ ಇರೋ ಜಾಗದಲ್ಲಿ ಇಟ್ಟಿಗೆ ಇಡೋ ಹಾಗಿಲ್ಲ. ಚೌಕ ಎದ್ದು ಇಲ್ಲಿಗೆ ಹೋಗುತ್ತೆ." ಅವಳ ಬೆರಳು ಗುಡ್ಡ ದಾಟಿ ಒಂದು ದೊಡ್ಡ ಹಸಿರು ಹರವಿನ ಮೇಲೆ ನಿಂತಿತು. "ಹಾಜಿ ಬೂಶ್ತಾ ಅವರ ಆಲಿವ್ ತೋಟ. ಊರು ಅನ್ನೋದು ಕುರಿಮಂದೆ ಅಕ್ಕಾ. ಮುಂದಿನ ಕುರಿ ಎಲ್ಲಿಗೆ ಹೋದ್ರೆ ಉಳಿದವೂ ಅಲ್ಲಿಗೆ. ಪುರಸಭೆ ಹಿಂದೆ ರಸ್ತೆ, ರಸ್ತೆ ಹಿಂದೆ ಅಂಗಡಿ, ಅಂಗಡಿ ಹಿಂದೆ ಮನೆ. ಹತ್ತು ವರ್ಷದಲ್ಲಿ ಈ ಹಸಿರೆಲ್ಲ ಹಳದಿ. ಹಾಜಿ ರಾಜ, ಹಳೇ ಕೇರಿ ಹಾಳು."

ಯಾಮ್ನಾ ನಕ್ಷೆಯನ್ನು ನೋಡುತ್ತ ನಿಂತಳು. ಇನ್ನೂ ಹುಟ್ಟದ ಮಕ್ಕಳು ಯಾವ ದಾರಿಯಲ್ಲಿ ಶಾಲೆಗೆ ನಡೆಯಬೇಕು, ಯಾವ ಮರದ ನೆರಳಲ್ಲಿ ಬಸ್ಸಿಗೆ ಕಾಯಬೇಕು ಎನ್ನುವುದನ್ನು ಈ ಹುಡುಗಿ ನಾಲ್ಕು ಬಣ್ಣದ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಳು. ಅದನ್ನು ಅಳಿಸಲು ಎಂಟು ಸತ್ತವರು ಎದ್ದು ಬಂದಿದ್ದರು. ಬದುಕಿದವರ ಮಾತಿಗೆ ಎದುರು ಮಾತಿದೆ, ಸತ್ತವರ ಮಾತಿಗೆ ಎದುರಾಡುವವರು ಯಾರು? ಉಪಾಯ ಮಾಡಿದವನಿಗೆ ಊರಿನ ನಾಡಿ ಗೊತ್ತು ಅಂತ ಅವಳು ಒಪ್ಪಿಕೊಳ್ಳಲೇಬೇಕಾಯಿತು.

"ಈ ಕೆಂಪು ಗೆರೆ?"

"ಪುರಸಭೆಗೆ ಬರೋ ರಸ್ತೆ. ನಿಮ್ಮ ಮಾಮನ ಮಸೀದಿ ಅಂಗಳಕ್ಕೆ ತಾಗುತ್ತೆ." ಕೆನ್ಝಾ ಸ್ವಲ್ಪ ನಾಚಿದಳು. "ಅವರು ಪುಸ್ತಕದಲ್ಲಿ ಏನು ಬರೆದಿದಾರೆ ಗೊತ್ತಾ? 'ರಸ್ತೆ ಬಾಗಬಹುದು, ಮಸೀದಿಯ ಮಿಹ್ರಾಬು ಬಾಗದು.' ಅಷ್ಟೇ. ಕೆಳಗೆ ರುಜು. ಅದನ್ನ ಓದಿ ಎರಡು ದಿನ ನಿದ್ದೆ ಬರಲಿಲ್ಲ. ರಸ್ತೆ ಬಾಗಿಸೋಕೆ ಜಾಗ ಇದೆಯಾ ಅಳೆದು ಬಾ ಅಂತ ಜಲ್ಲೂಲ್‌ಗೆ ಹೇಳಿದ್ದೆ. ಅಷ್ಟರಲ್ಲಿ ಅವನೇ..."

ಯಾಮ್ನಾ ನೋಟ್‌ಬುಕ್ಕಿನ ಹೊಸ ಹಾಳೆ ತಿರುವಿದಳು.

"ಅವನ ಕೊನೇ ಮೆಸೇಜು ಇನ್ನೊಂದ್ಸಲ ಓದು."

ಕೆನ್ಝಾ ಫೋನು ತೆಗೆದಳು. "'ಕಣದಲ್ಲಿ ಏಳು ಗೋರಿ. ಅಳೆದಾಯ್ತು. ನಗು ಬರ್ತಿದೆ. ಸಂಜೆ ಹೇಳ್ತೀನಿ.'"

ಏಳು. ಇರುವೆ ಗೂಡಿದ್ದರೂ ನಕ್ಷೆಯಲ್ಲಿ ಚುಕ್ಕಿ ಇಡುತ್ತಿದ್ದ ಮನುಷ್ಯ ಒಂದು ಗೋರಿಯನ್ನು ಬಿಟ್ಟ ಅಂದರೆ? ಮರದ ಕೆಳಗಿನದು ಕಣ್ಣಿಗೆ ಬೀಳಲಿಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು. ಯಾಮ್ನಾ ಕೂಡ. ಆದರೆ ನಗು ಯಾಕೆ ಬಂತು?

ಮೀಮೂನ್ ಒಂದು ತಲೆಗಲ್ಲನ್ನು ಬಗ್ಗಿ ನೋಡುತ್ತಿದ್ದ. "ಮೇಡಂ, ಕಲ್ಲಿನ ಪಾಚಿ ಮಣ್ಣಿನ ಕಡೆಗಿದೆ. ಪಾಚಿ ಗಾಳಿಗೆ ತೆರೆದ ಕಡೆ ಅಲ್ವಾ ಬೆಳೆಯೋದು?"

"ಮೇಕೆ ಉರುಳಿಸಿತು ಅಂತಾರೆ ಹಾಜಿ. ಮೇಕೆ ಬಾಯಿಗೆ ಬೀಗ ಇಲ್ಲ, ಹಾಜಿ ಬಾಯಿಗೂ ಇಲ್ಲ."

ಇನ್ನೇನಾದರೂ ಬೇಕಿತ್ತು. ಅವಳು ಸೊಂಟ ನೆಟ್ಟಗೆ ಮಾಡಿ ಹೊಳೆಯಾಚೆ ನೋಡಿದಳು. ಹೂಬಿಟ್ಟ ಬಾದಾಮಿ ಮರಗಳ ಮೇಲೆ ಹಳೇ ಕೇರಿಯ ಮಣ್ಣುಬಣ್ಣದ ಗೋಡೆ, ಅದರ ನಡುವೆ ಮಾಮನ ಮಸೀದಿಯ ಮೊಂಡು ಗೋಪುರ.

ಬೆಳಿಗ್ಗೆ ಅಲ್ಲೇ ಚಹಾ ಕುಡಿದು ಬಂದಿದ್ದಳು.

ತುಹಾಮಿ ಅವಳ ಸೋದರಮಾವ. ಐದನೇ ವಯಸ್ಸಿನಲ್ಲಿ ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದವನು, ಅವಳಿಗೂ ಜಲ್ಲೂಲ್‌ಗೂ ಅಕ್ಷರ ಕಲಿಸಿದವನು. ಹಳೇ ಕೇರಿಯಲ್ಲಿ ಯಾರು ಸತ್ತರೂ ಮೀಯಿಸಿ, ಬಟ್ಟೆ ಸುತ್ತಿ, ಮನೆಯವರು ತೋಡಿದ ಗೋರಿಗೆ ಇಳಿಸುವುದು ಅವನೇ. ಅಂಗಳದಲ್ಲಿ ನೆಟ್ಟ ಕೋಲಿನ ನೆರಳು ನೋಡಿ, ಮೈಕಿಲ್ಲದೆ ಬಾಂಗು ಕೂಗುತ್ತಿದ್ದ. ಹಾಗಾಗಿ ಹೊಸ ಮಸೀದಿಯ ಮೈಕಿಗಿಂತ ನಾಲ್ಕು ನಿಮಿಷ ಮೊದಲೇ ಅವನ ದನಿ ಏಳುತ್ತಿತ್ತು. ನಮ್ಮೂರಿಗೆ ಎರಡು ಮಧ್ಯಾಹ್ನ ಅಂತ ಜನ ನಗುತ್ತಿದ್ದರು. ಅತ್ತೆ ತೀರಿಕೊಂಡ ದಿನವೂ ಅವನು ಹೆಣದ ಪಕ್ಕದಿಂದ ಎದ್ದು ಹೋಗಿ ಬಾಂಗು ಕೂಗಿ ಬಂದಿದ್ದ. ಅವತ್ತು ಅವನ ಗಂಟಲು ನಡುಗಲಿಲ್ಲ ಅಂತ ಯಾಮ್ನಾಳಿಗೆ ಬಹಳ ದಿನ ಸಿಟ್ಟಿತ್ತು.

ಇನ್ನೊಂದು ತಮಾಷೆಯೂ ಇತ್ತು. ಮೆಕ್ಕಾ ಇರುವುದು ಪೂರ್ವಕ್ಕೆ. ಆದರೆ ಹಿಂದಿನ ಕಾಲದ ಪಂಡಿತರು ದಕ್ಷಿಣವೇ ಸರಿ ಅಂತ ಹಳೇ ಮಸೀದಿಯ ಮಿಹ್ರಾಬನ್ನು, ಅಂದರೆ ನಮಾಜಿನ ದಿಕ್ಕು ತೋರಿಸುವ ಗೋಡೆಯ ಗೂಡನ್ನು, ದಕ್ಷಿಣಕ್ಕೆ ಕಟ್ಟಿಸಿದ್ದರು. ಐವತ್ತು ವರ್ಷದ ಹಿಂದೆ ಸರ್ಕಾರದವರು ಬಂದು ಜಮಖಾನೆಯ ಮೇಲೆ ಓರೆ ಗೆರೆ ಹಾಕಿಸಿ, ಇನ್ನು ಮೇಲೆ ಹೀಗೆ ನಿಲ್ಲಿ ಅಂದರು. ಎಲ್ಲರೂ ತಿರುಗಿದರು, ತುಹಾಮಿ ತಿರುಗಲಿಲ್ಲ. ತುಹಾಮಿ ಹಿಂದೆ ನಿಂತರೆ ಮೆಕ್ಕಾ ಅಲ್ಲ, ಸಹಾರಾ ಸಿಗುತ್ತೆ ಅಂತ ಪಡ್ಡೆಗಳು ಕಿಚಾಯಿಸುತ್ತಿದ್ದರು. "ನನ್ನ ಅಪ್ಪ, ಅಜ್ಜ ಎಲ್ಲ ನಿಂತ ದಿಕ್ಕು. ದೇವರು ಅಷ್ಟು ಜನಕ್ಕೆ ಬೆನ್ನು ತೋರಿಸಿ ಕೂತಿದ್ನಾ?" ಎನ್ನುತ್ತಿದ್ದ ಮುದುಕ.

ಅವನ ಈ ಮೊಂಡುತನವೇ ಯಾಮ್ನಾಳಿಗೆ ಪ್ರಾಣ. ಜಗತ್ತೆಲ್ಲ ಗಾಳಿ ಬಂದ ಕಡೆ ತೂರಿಕೊಳ್ಳುವಾಗ ಒಬ್ಬನಾದರೂ ಹೀಗಿದ್ದಾನಲ್ಲ ಅನ್ನಿಸುತ್ತಿತ್ತು.

"ಇವತ್ತು ಗೋರಿ ತೆಗಿಸ್ತೀನಿ ಮಾಮ," ಎಂದಿದ್ದಳು, ಬಿಸಿ ರವೆರೊಟ್ಟಿಯನ್ನು ಎಣ್ಣೆಯಲ್ಲಿ ಅದ್ದುತ್ತ. "ಒಂದ್ಸಲ ಬಂದು ನೋಡು. ನಿನಗಿಂತ ಗೋರಿ ಗೊತ್ತಿರೋರು ಯಾರಿದಾರೆ?"

"ಮಂಡಿ ನೋವು ಕಣಮ್ಮ."

"ಎಂಟೂ ತೆಗೆಯೋಕೆ ಅಪ್ಪಣೆ ಸಿಕ್ಕಿದೆ."

ಮಾಮ ಚಹಾ ಹುಯ್ಯುತ್ತಿದ್ದ. ಲೋಟ ತುಂಬಿ ತಟ್ಟೆಗೆ ಚೆಲ್ಲಿತು.

"ಎಲ್ಲಾನೂ ತೆಗೀತೀಯಾ?"

"ಬೇಕಾದ್ರೆ ಎಲ್ಲಾನೂ."

ಅವನು ಬಟ್ಟೆ ತಂದು ತಟ್ಟೆ ಒರೆಸಿದ. ಬಹಳ ಹೊತ್ತು ಒರೆಸಿದ. "ದೇವರ ಹೆಸರು ಹೇಳಿ ತೆಗಿ," ಎಂದ ಕೊನೆಗೆ. "ಮಣ್ಣು ಮುಖದ ಮೇಲೆ ಬೀಳದ ಹಾಗೆ ನೋಡ್ಕೋ."

ವಯಸ್ಸಾಯಿತು, ಕೈ ನಡುಗುತ್ತದೆ ಅಂತ ಅವಳಿಗೆ ಮರುಕವಾಗಿತ್ತು.

ಈಗ ಹೊಳೆಯಾಚೆ ಮಸೀದಿಯಿಂದ ಕೆಳಗಿಳಿದ ಅವಳ ಕಣ್ಣು ಸ್ಮಶಾನದ ಇಳಿಜಾರಿನ ಮೇಲೆ ಬಿತ್ತು. ಹುಟ್ಟಿದಾಗಿನಿಂದ ನೋಡಿದ ಇಳಿಜಾರು. ಮೇಲ್ಭಾಗದಲ್ಲಿ ಹಳೇ ಗೋರಿಗಳು, ಕೆಳಭಾಗದಲ್ಲಿ ಹೊಸವು.

ಅವಳು ನೋಟ್‌ಬುಕ್ಕು ನೋಡಿದಳು. ಮತ್ತೆ ಇಳಿಜಾರು ನೋಡಿದಳು.

ಜಲ್ಲೂಲ್‌ಗೆ ನಗು ಯಾಕೆ ಬಂತು ಅಂತ ಅವಳಿಗೆ ಆಗ ಹೊಳೆಯಿತು.

"ಮೀಮೂನ್," ಎಂದಳು, "ಹಾಜಿಗೆ ಫೋನ್ ಮಾಡು. ಗೋರಿ ತೆಗೀತಿದೀವಿ, ಬನ್ನಿ ಅನ್ನು."

ಕರೆಯುವುದೇ ಬೇಕಿರಲಿಲ್ಲ. ಹಾಜಿ ಬೂಶ್ತಾನ ಬಿಳೀ ಕಾರು ಆಗಲೇ ಧೂಳೆಬ್ಬಿಸಿಕೊಂಡು ಬರುತ್ತಿತ್ತು.

ಪುರಸಭೆಯ ಸದಸ್ಯ, ಕಂಟ್ರಾಕ್ಟರು, ಅರವತ್ತು ತುಂಬಿದ ಮನುಷ್ಯ. ಉಣ್ಣೆಯ ಕಂದು ನಿಲುವಂಗಿಯ ಅಂಚು ಎತ್ತಿಕೊಂಡು, ಗೋರಿಗಳಿಗೆ ಕೈಯೆತ್ತಿ ನಮಿಸಿ ಹತ್ತಿರ ಬಂದ. "ಅಸ್ಸಲಾಮು ಅಲೈಕುಂ. ಸತ್ತೋರ ಮೈ ಅಳತೆ ಮುಗೀತಾ ಮಗಳೇ?"

"ಮುಗೀತು ಹಾಜಿ. ಇವು ಎಷ್ಟು ಹಳೇವು ಅಂದ್ರಿ?"

"ಪುಸ್ತಕದಲ್ಲಿ ಬರೆದಿದೀನಲ್ಲ. ಅರವತ್ತು ಜನ ರುಜು ಹಾಕಿದಾರೆ. ದೊಡ್ಡ ಬರಗಾಲದ ಕಾಲದ್ದು, ಮುನ್ನೂರು ವರ್ಷ. ನನ್ನ ಅಜ್ಜನ ಅಜ್ಜ ಹೇಳ್ತಿದ್ರು."

"ನಿಮಗೇ ಹೇಳ್ತಿದ್ರಾ?" ಎಂದ ಮೀಮೂನ್. "ಗಟ್ಟಿ ಪಿಂಡ ಬಿಡಿ."

ಕೆನ್ಝಾ ನಕ್ಷೆಯ ಹಿಂದೆ ಮುಖ ಮುಚ್ಚಿಕೊಂಡಳು. ಹಾಜಿ ಮೀಮೂನ್‌ನ ಕಡೆ ತಿರುಗಿಯೂ ನೋಡಲಿಲ್ಲ.

"ಆ ಅಜ್ಜನ ಅಜ್ಜನ ಗೋರಿ ಎಲ್ಲಿದೆ?" ಯಾಮ್ನಾ ಕೇಳಿದಳು.

"ಆಚೆ, ಮೇಲಿನ ಸಾಲಿನಲ್ಲಿ. ಪ್ರತಿ ಶುಕ್ರವಾರ ಹೋಗ್ತೀನಿ. ನೀವು ಕಲಿತೋರು ಮರೀಬಹುದು, ನಾವು ಮರೆಯಲ್ಲ."

"ಇಲ್ಲಿಂದ ಕಾಣುತ್ತಾ?"

"ಸುಣ್ಣ ಬಳಿದಿದೆಯಲ್ಲ, ಅದೇ."

"ಉದ್ದಕ್ಕೆ ಮಲಗಿದಾರಾ, ಅಡ್ಡಕ್ಕಾ?"

ಹಾಜಿ ನಗುತ್ತ ಆ ಕಡೆ ನೋಡಿದ. ಪಾಪ, ಆಗಲೂ ಅವನಿಗೆ ಹೊಳೆಯಲಿಲ್ಲ.

"ಸತ್ತವರನ್ನ ಬಲಮಗ್ಗುಲಿಗೆ, ಮುಖ ಕಿಬ್ಲಾದ ಕಡೆಗೆ, ಅಂದ್ರೆ ನಮಾಜಿನ ದಿಕ್ಕಿಗೆ ಮಾಡಿ ಮಲಗಿಸ್ತೀವಿ," ಎಂದಳು ಯಾಮ್ನಾ, ಪಾಠ ಹೇಳುವವಳ ಹಾಗೆ ನಿಧಾನವಾಗಿ. "ಮುಖ ಪೂರ್ವಕ್ಕೆ ಇದ್ರೆ ಗೋರಿ ಉತ್ತರ ದಕ್ಷಿಣವಾಗಿ ಬೀಳುತ್ತೆ. ಕೆಳಗಿನ ಹೊಸ ಗೋರಿಗಳನ್ನ ನೋಡಿ, ಹಾಗೇ ಇವೆ. ಆದರೆ ಐವತ್ತು ವರ್ಷದ ಹಿಂದಿನವರೆಗೆ ಈ ಊರಲ್ಲಿ ಕಿಬ್ಲಾ ಅಂದ್ರೆ ದಕ್ಷಿಣ. ಮುಖ ದಕ್ಷಿಣಕ್ಕೆ ಇದ್ರೆ ಗೋರಿ ಪೂರ್ವ ಪಶ್ಚಿಮ. ಮೇಲಿನ ಸಾಲು ಪೂರ್ತಿ ಹಾಗಿದೆ. ನಿಮ್ಮ ಅಜ್ಜನ ಅಜ್ಜನೂ ಹಾಗೇ ಮಲಗಿದಾರೆ. ಈಗ ಕಾಲ ಕೆಳಗೆ ನೋಡಿ ಹಾಜಿ. ಮುನ್ನೂರು ವರ್ಷದ ಹಿಂದೆ ಸತ್ತ ಈ ಏಳು ಜನಕ್ಕೆ ಮಾತ್ರ ಹೊಸ ಕಿಬ್ಲಾ ಹೇಳಿಕೊಟ್ಟೋರು ಯಾರು?"

ಹಾಜಿ ಕಾಲ ಕೆಳಗೆ ನೋಡಿದ. ಹೊಳೆಯಾಚೆ ನೋಡಿದ. ಮುಖ ಹುಳ್ಳಗಾಯಿತು. ಎಷ್ಟೋ ಶುಕ್ರವಾರ ಆ ಗೋರಿಯ ಪಕ್ಕ ನಿಂತು ಬೇಡಿಕೊಂಡಿದ್ದ. ಅದು ಯಾವ ಕಡೆ ಮಲಗಿದೆ ಅಂತ ಒಂದು ದಿನವೂ ನೋಡಿರಲಿಲ್ಲ.



"ಮೀಮೂನ್, ಮೊದಲನೇದನ್ನ ತೆಗಿ."

"ಬೇಡ," ಎಂದ ಹಾಜಿ. ದನಿ ಸಣ್ಣದಾಗಿತ್ತು. "ಶ್ರಮ ಯಾಕೆ? ಒಳಗೆ ಏನೂ ಇಲ್ಲ."

ಅವನು ತಾನೇ ಇಡಿಸಿದ ಕಲ್ಲೊಂದರ ಮೇಲೆ ಕುಸಿದು ಕೂತ.

"ಮೂರು ವಾರದ ಹಿಂದೆ, ಶುಕ್ರವಾರ ಮಧ್ಯಾಹ್ನ. ಊರೆಲ್ಲ ನಮಾಜಿಗೆ ಹೋಗಿತ್ತು. ತೋಟದ ಆಳುಗಳನ್ನ ಕರ್ಕೊಂಡು ಬಂದೆ, ಹಳೇ ಗೋಡೆ ಕಲ್ಲು ತಂದಿದ್ವಿ. ಒಬ್ಬ ಆಳು ಕೇಳಿದ, 'ಹಾಜಿ, ಯಾವ ಕಡೆಗೆ ಇಡ್ಲಿ?' ಹೆಂಗಾದ್ರೂ ಇಡು ಅನ್ನಬಹುದಿತ್ತು. ನಾನು ಫೋನು ತೆಗೆದು ಕಿಬ್ಲಾ ನೋಡಿದೆ." ಅವನು ಕೈ ಚೆಲ್ಲಿದ. "ಗೋರಿ ಸುಳ್ಳೇ ಇರಬಹುದು ಮಗಳೇ. ಆದರೂ ದಿಕ್ಕು ತಪ್ಪಿಸೋಕೆ ಮನಸ್ಸು ಬರಲಿಲ್ಲ."

ಶುಕ್ರವಾರದ ನಮಾಜು ತಪ್ಪಿಸಿ ಸುಳ್ಳು ಗೋರಿ ಕಟ್ಟಿಸಿದವನು, ಆ ಸುಳ್ಳಿಗೂ ಸರಿಯಾದ ದಿಕ್ಕು ಹುಡುಕಿದ್ದ. ಯಾಮ್ನಾಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಒಂಥರಾ ಕನಿಕರ. ಮನುಷ್ಯನ ಒಳಗೆ ಕಳ್ಳನೂ ಭಕ್ತನೂ ಒಂದೇ ಮನೆಯಲ್ಲಿ ಬಾಡಿಗೆಗಿರುತ್ತಾರೆ. ಒಬ್ಬ ಮಾಡಿದ್ದನ್ನು ಇನ್ನೊಬ್ಬ ಬಯಲು ಮಾಡುತ್ತಾನೆ.

"ಜಲ್ಲೂಲ್ ಎಲ್ಲಿ?"

"ದೇವರಾಣೆ ಗೊತ್ತಿಲ್ಲ."

"ಅವನು ಇಲ್ಲಿಗೆ ಬಂದು ಅಳೆದ. ಗುಟ್ಟು ಹಿಡಿದ. ಅವತ್ತೇ ಮಾಯವಾದ. ಅವನ ಹೆಂಡತಿ ದಿನಾ ನನ್ನ ಮೆಟ್ಟಿಲ ಮೇಲೆ ಕೂರ್ತಾಳೆ ಹಾಜಿ. ಇವತ್ತು ನಾನು ಅವಳಿಗೆ ಏನಾದ್ರೂ ಹೇಳ್ಬೇಕು."

"ಕಲ್ಲು ಹೊರಿಸಿದೀನಿ, ಸುಳ್ಳು ಬರೆದಿದೀನಿ. ಮನುಷ್ಯನ್ನ ಮುಟ್ಟಿಲ್ಲ. ನನ್ನ ಮೊಮ್ಮಕ್ಕಳ ಮೇಲಾಣೆ." ಅವನ ತುಟಿ ಅದುರುತ್ತಿತ್ತು. ಸುಳ್ಳು ಹೇಳುವಾಗ ಅದುರದ ತುಟಿ ಅದು, ಯಾಮ್ನಾ ಒಂಬತ್ತು ದಿನದಿಂದ ನೋಡಿದ್ದಳು.

"ಎಷ್ಟು ಗೋರಿ ಇಡಿಸಿದ್ರಿ?"

"ಏಳು."

"ಪುಸ್ತಕದಲ್ಲಿ ಎಂಟು ಅಂತ ಬರೆದಿದೀರಿ."

"ಬರೆಯೋ ದಿನ ಬಂದು ಎಣಿಸಿದೆ, ಎಂಟಿತ್ತು. ಆಳುಗಳು ಹುಮ್ಮಸ್ಸಿನಲ್ಲಿ ಒಂದು ಜಾಸ್ತಿ ಮಾಡಿದಾರೆ ಅಂತ ಸುಮ್ಮನಾದೆ."

ಎಲ್ಲರೂ ಅಂಜೂರದ ಮರದ ಕಡೆ ತಿರುಗಿದರು.

"ಅಡ್ಡಡ್ಡ ಇರೋದು," ಎಂದ ಮೀಮೂನ್ ಮೆಲ್ಲಗೆ.

ಕೆನ್ಝಾಳ ಮುಖದ ಬಣ್ಣ ಇಳಿಯಿತು. "ಅಕ್ಕಾ... ಪೂರ್ವ ಪಶ್ಚಿಮ. ಹಾಗಾದ್ರೆ ಅದು ನಿಜವಾಗಿ ಹಳೇದು."

ಹಾಜಿಗೆ ಹೋದ ಜೀವ ಬಂತು. "ನೋಡಿದ್ರಾ! ಒಂದಿದ್ರೂ ಗೋರಿ ಗೋರಿನೇ. ಕಾನೂನಿಗೆ ಒಂದೂ ಸಾಕು, ಎಂಟೂ ಸಾಕು." ಎದ್ದು ನಿಲುವಂಗಿಯ ಧೂಳು ಕೊಡವಿಕೊಂಡ. "ನನ್ನ ಮೇಲೆ ಕೇಸು ಹಾಕಮ್ಮ, ಹಾಕು. ಪುರಸಭೆ ಮಾತ್ರ ಇಲ್ಲಿ ಏಳಲ್ಲ."

ಕೆನ್ಝಾ ನಕ್ಷೆ ಸುತ್ತತೊಡಗಿದಳು. ಎರಡು ವರ್ಷದ ಕೆಲಸ. ಅವಳ ಕೈ ತಡೆದದ್ದು ಯಾಮ್ನಾ.

"ಸುತ್ತಬೇಡ. ಜಲ್ಲೂಲ್ ಎಷ್ಟು ಅಂತ ಬರೆದಿದ್ದ?"

"ಏಳು."

"ಇರುವೆ ಗೂಡು ಬಿಡದವನು. ಮುನ್ನೂರು ವರ್ಷದಿಂದ ಇದ್ದ ಗೋರಿ ಅವನ ಕಣ್ಣಿಗೆ ಬೀಳಲಿಲ್ವಾ?"

ಉತ್ತರ ಎಲ್ಲರಿಗೂ ಗೊತ್ತಿತ್ತು. ಜಲ್ಲೂಲ್ ಅಳೆದ ಹೊತ್ತಿಗೆ ಮರದ ಕೆಳಗೆ ಗೋರಿಯೇ ಇರಲಿಲ್ಲ.

ಯಾಮ್ನಾ ದೇವರ ಹೆಸರು ಹೇಳಿದಳು. ಮೀಮೂನ್ ಕಲ್ಲುಗಳನ್ನು ಒಂದೊಂದಾಗಿ ಎತ್ತಿಟ್ಟು ಗುದ್ದಲಿ ಹಿಡಿದ. ಏಳು ಗೋರಿಗಳ ಸುತ್ತ ನೆಲ ತುಳಿದು ತುಳಿದು ಹಂಚಿನ ಹಾಗಿತ್ತು. ಇಲ್ಲಿ ಮಣ್ಣು ಹಿಟ್ಟಿನಂತೆ ಸಡಿಲವಾಗಿ ಎದ್ದು ಬಂತು. ಮೊಣಕಾಲುದ್ದ ಇಳಿದಾಗ ಅಂಜೂರದ ಬೇರುಗಳು ಕಂಡವು. ಅವನ್ನು ಯಾರೋ ಹರಿತವಾದ ಗುದ್ದಲಿಯಿಂದ ನೀಟಾಗಿ ಕಡಿದಿದ್ದರು. ಕಡಿದ ತುದಿಗಳು ಇನ್ನೂ ಬಿಳಿಚಿಕೊಂಡಿದ್ದವು.

"ಇದು ಈ ತಿಂಗಳ ಕೆಲಸ ಮೇಡಂ," ಎಂದ ಮೀಮೂನ್. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಅದರ ಕೆಳಗೆ ಚಪ್ಪಡಿಗಳು. ಸಂದು ಸಂದಿಗೂ ಜೇಡಿ ಮೆತ್ತಿ ಬೆರಳಿನಿಂದ ನೀವಿದ್ದರು. ತಲೆಯ ಕಡೆ ಒಣಗಿದ ಸುಗಂಧದ ಎಲೆಗಳ ಒಂದು ಕಟ್ಟು, ಖರ್ಜೂರದ ನಾರಿನಿಂದ ಎರಡು ಸುತ್ತು ಸುತ್ತಿ ಬಿಗಿದದ್ದು. ಹೆಣ ಬಚ್ಚಿಡುವವರು ಇಷ್ಟು ಪ್ರೀತಿಯಿಂದ ಬಚ್ಚಿಡುವುದಿಲ್ಲ.

"ನೀನು ಆಚೆ ಸರಿ. ಈ ಕಲ್ಲು ನಾನೇ ಎತ್ತುತ್ತೀನಿ."

ತಲೆಯ ಕಡೆಯ ಚಪ್ಪಡಿಯನ್ನು ಎತ್ತುವಾಗ ಮಣ್ಣು ಒಳಗೆ ಉದುರದ ಹಾಗೆ ಇನ್ನೊಂದು ಕೈ ಅಡ್ಡ ಹಿಡಿದಳು. ಯಾರೋ ಹೇಳಿಕೊಟ್ಟಿದ್ದನ್ನು ಮಾಡುವ ಹಾಗೆ ಕೈ ತಾನಾಗಿಯೇ ಹಾಗೆ ಮಾಡಿತು.

ಹೊಸ ಬಿಳಿ ಬಟ್ಟೆ. ಕಟ್ಟುಗಳನ್ನು ಶಾಸ್ತ್ರದ ಪ್ರಕಾರ ಸಡಿಲಿಸಿ, ಕೆನ್ನೆ ಮಣ್ಣಿಗೆ ತಾಗುವಂತೆ ಬಲಮಗ್ಗುಲಿಗೆ ಮಲಗಿಸಿದ್ದರು. ಮುಖ ದಕ್ಷಿಣಕ್ಕಿತ್ತು. ಗುಡ್ಡದ ಚಳಿಗೆ ಇನ್ನೂ ಹೆಚ್ಚು ಕೆಟ್ಟಿರಲಿಲ್ಲ. ಅವಳು ಬಟ್ಟೆಯ ಅಂಚನ್ನು ಎರಡು ಬೆರಳಿನಿಂದ ಸರಿಸಿದಳು.

ಹುಬ್ಬಿನ ಮೇಲೆ ಒಂದು ಹಳೇ ಗಾಯದ ಗುರುತು.

ಹಿಂದೆ ಕೆನ್ಝಾ ಕೂಗಿಕೊಂಡಳು. ಹಾಜಿ ಗಟ್ಟಿಯಾಗಿ ಪ್ರಾರ್ಥನೆ ಶುರುಮಾಡಿದ. ಮೀಮೂನ್ ವೈದ್ಯರಿಗೆ ಫೋನು ಹಚ್ಚುತ್ತ ಓಡಿದ. ಯಾಮ್ನಾ ಮಂಡಿಯೂರಿದಲ್ಲೇ ಇದ್ದಳು. ಮೆಟ್ಟಿಲ ಮೇಲೆ ಕೂತ ರಬ್ಹಾ ನೆನಪಾದಳು, ಮಸಿಕುಡಿಕೆ ನೆನಪಾಯಿತು. ಅವುಗಳ ಹಿಂದೆಯೇ ಇನ್ನೊಂದು ಮಾತು ಬಂದು ನಿಂತಿತು.

ಮಣ್ಣು ಮುಖದ ಮೇಲೆ ಬೀಳದ ಹಾಗೆ ನೋಡ್ಕೋ.

ಊರೆಲ್ಲ ಮುನ್ನೂರು ವರ್ಷದ ಗೋರಿ ಅನ್ನುತ್ತಿತ್ತು. ಮುನ್ನೂರು ವರ್ಷದ ಗೋರಿಯಲ್ಲಿ ಮುಖ ಎಲ್ಲಿರುತ್ತದೆ?

ಐನ್ ಹಜ್ಲದಲ್ಲಿ ಇವತ್ತು ಸತ್ತವರ ಮುಖವನ್ನು ದಕ್ಷಿಣಕ್ಕೆ ತಿರುಗಿಸುವವರು ಎಷ್ಟು ಜನ? ಅವಳು ಎಣಿಸಬೇಕಾಗಿಯೇ ಇರಲಿಲ್ಲ. ಆದರೂ ಎಣಿಸಿದಳು, ಇನ್ನೊಬ್ಬರ ಹೆಸರು ಸಿಗಲಿ ಅಂತ. ಸಿಗಲಿಲ್ಲ.

ಕೊಂದವನೇ ಮಣ್ಣು ಮಾಡಿದನೋ, ಸತ್ತವನನ್ನು ಕಂಡು ಮಣ್ಣು ಮಾಡಿದನೋ? ಬಾಯಿ ಬಿಡದಿದ್ದದ್ದು ತನಗಾಗಿಯೋ, ಬೇರೆ ಯಾರಿಗಾಗಿಯೋ? ಮಸೀದಿಯ ಅಂಗಳಕ್ಕೆ ತಾಗಿದ ಆ ಕೆಂಪು ಗೆರೆ ಅವಳ ಕಣ್ಣ ಮುಂದೆ ಬಂತು. ರಸ್ತೆ ಬಾಗಿಸಬಹುದು ಅಂತ ಹೇಳಲು ಜಲ್ಲೂಲ್ ಅಲ್ಲಿಗೆ ಹೋಗಿದ್ದನೇ? ಹೇಳುವಷ್ಟು ಹೊತ್ತು ಅವನಿಗೆ ಸಿಕ್ಕಿತ್ತೇ?

ಒಂದೇ ಒಂದು ಸಮಾಧಾನವಿತ್ತು. ಏನಾದರೂ ಆಗಲಿ, ಮಾಮ ಎಲ್ಲಿಗೂ ಹೋಗುವವನಲ್ಲ. ಇನ್ನೇನು ಮಧ್ಯಾಹ್ನದ ಬಾಂಗಿನ ಹೊತ್ತು. ಅವನ ದನಿ ಏಳುತ್ತದೆ, ಆಮೇಲೆ ನಾನು ನಡೆದು ಹೋಗಿ ಅವನ ಎದುರು ಕೂತು ಕೇಳುತ್ತೇನೆ. ಅವನು ನನ್ನ ಹತ್ತಿರ ಸುಳ್ಳು ಹೇಳುವುದಿಲ್ಲ.

ಅವಳು ಗಡಿಯಾರ ನೋಡಲಿಲ್ಲ. ಅಂಜೂರದ ಮರದ ನೆರಳು ಬುಡಕ್ಕೆ ಸರಿದು ಗಿಡ್ಡವಾಗುವುದನ್ನು ನೋಡುತ್ತ, ಮಾಮ ಹೇಳಿಕೊಟ್ಟ ಹಾಗೆ ಕಾದಳು. ನೆರಳು ನಿಂತಿತು. ಆಮೇಲೆ ಕೂದಲೆಳೆಯಷ್ಟು ಆಚೆಗೆ ಜಾರಿತು.

ಹೊಳೆಯಾಚೆ ಮೊಂಡು ಗೋಪುರ ಸುಮ್ಮನಿತ್ತು.

ಮೀಮೂನ್ ಫೋನು ಹಿಡಿದುಕೊಂಡೇ ಆ ಕಡೆ ನೋಡಿದ. ಹಾಜಿಯೂ ಪ್ರಾರ್ಥನೆ ನಿಲ್ಲಿಸಿ ತಲೆ ಎತ್ತಿದ. ಹೆಂಡತಿ ಸತ್ತ ದಿನವೂ ತಪ್ಪದ ದನಿ ಇವತ್ತು ಏಳಲಿಲ್ಲ ಅನ್ನುವುದು ಆ ಊರಲ್ಲಿ ಹುಟ್ಟಿದ ಯಾರಿಗಾದರೂ ಕಿವಿಗೆ ಹೊಡೆಯುವಂತಿತ್ತು.

ನಾಲ್ಕು ನಿಮಿಷದ ಮೇಲೆ ಹೊಸ ಮಸೀದಿಯ ಮೈಕು ಗೊರಗುಟ್ಟಿ, ಬಾಂಗು ಕೂಗತೊಡಗಿತು. ನಲವತ್ತು ವರ್ಷದಲ್ಲಿ ಮೊದಲ ಸಲ ಐನ್ ಹಜ್ಲದಲ್ಲಿ ಒಂದೇ ಮಧ್ಯಾಹ್ನವಾಯಿತು. ಯಾಮ್ನಾ ಬಟ್ಟೆಯ ಅಂಚನ್ನು ಜಲ್ಲೂಲ್‌ನ ಮುಖದ ಮೇಲೆ ಎಳೆದು, ಹಳೇ ಕೇರಿಯ ಕಡೆಗೆ ಓಡಿದಳು.